ಸ್ಕರ್ಟಿಂಗಿಗೆ ಯಾವುದು ಹಾಕೋಣ? ಉಡುಪಿಯ ಮಳೆಯಲ್ಲಿ ಉಳಿದದ್ದು, ಉಬ್ಬಿದ್ದು

ನೆಲದ ಟೈಲ್ಸಿಗೆ ಕುಂದಾಪುರದಿಂದ ಮಂಗಳೂರಿನವರೆಗೆ ಅಂಗಡಿ ಸುತ್ತುವವರೂ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಸುತ್ತ ಹಾಕುವ ಪಟ್ಟಿ) ಮಾತು ಬಂದಾಗ "ಅದನ್ನೇ ಕಟ್ ಮಾಡಿ ಹಾಕಿ" ಎಂದು ಮುಗಿಸಿಬಿಡುತ್ತಾರೆ. ಹೆಚ್ಚಿನ ಗೋಡೆಗಳಿಗೆ ಅದು ಸರಿಯಾದ ಉತ್ತರವೇ. ಎಲ್ಲದಕ್ಕೂ ಅಲ್ಲ.

ಉಡುಪಿ ಹತ್ತಿರದ ನಮ್ಮ ಮನೆಯಲ್ಲಿ ಈಗ ಮೂರು ಬಗೆ ಉಂಟು. ಹಾಲ್ ಮತ್ತು ಕೆಳಗಿನ ರೂಮುಗಳಿಗೆ ವಿಟ್ರಿಫೈಡ್ ಟೈಲ್ಸ್, ಸಿಟೌಟಿಗೂ ಮೆಟ್ಟಿಲಿಗೂ ಗ್ರಾನೈಟ್, ಮಹಡಿಯ ರೂಮಿಗೆ ಡಬ್ಲ್ಯೂಪಿಸಿ (ಮರದ ಹುಡಿ-ಪ್ಲಾಸ್ಟಿಕ್ಕಿನದು). ಮೊದಲು ಮಂಗಳೂರಿನ ಫ್ಲ್ಯಾಟಿನಲ್ಲಿದ್ದಾಗ ಎಂಡಿಎಫ್ (ಮರದ ನಾರಿನ ಹಲಗೆ) ನೋಡಿಯಾಗಿದೆ. ಅಜ್ಜನ ಮನೆಯ ರೆಡ್ ಆಕ್ಸೈಡ್ (ಸಿಮೆಂಟಿಗೆ ಕೆಂಪು ಬಣ್ಣ ಸೇರಿಸಿ ಎರೆಯುವುದು) ಅಂತೂ ಸಣ್ಣವರಿದ್ದಾಗಿಂದ ನೋಡುತ್ತಿರುವುದು.

ಶುರುವಿಗೇ ಒಂದು ಮಾತು. ಸ್ಕರ್ಟಿಂಗ್ ಇರುವುದು ಗೋಡೆಯ ಬುಡಕ್ಕೆ ಕಾಲು, ಕುರ್ಚಿ, ಹಿಡಿಸೂಡಿ ತಾಗದಿರಲಿ ಅಂತ. ಆದರೆ ನಮ್ಮ ಕಡೆ ಅದನ್ನು ಹಾಳು ಮಾಡುವುದು ಇವು ಯಾವುದೂ ಅಲ್ಲ, ನೀರು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಊರು. ಗೋಡೆ ಮುರಕಲ್ಲಿನದು (ಲ್ಯಾಟರೈಟ್). ಮುರಕಲ್ಲಿನ ಮೈತುಂಬ ತೂತು, ನೆಲದ ತೇವವನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಹೊರಗಿನ ಗೋಡೆಗೆ ಮಳೆ ಹೊಡೆದರೆ ಆ ಕಡೆಯಿಂದಲೂ ತೇವ. ಮುಂದಿನಿಂದ ದಿನಾ ಒರೆಸುವ ಬಟ್ಟೆ. ಅಂದರೆ ಆ ನಾಲ್ಕಿಂಚಿನ ಪಟ್ಟಿಗೆ ಹಿಂದಿನಿಂದಲೂ ನೀರು, ಮುಂದಿನಿಂದಲೂ ನೀರು. ಹಾಗಾಗಿ ನಾನು ಮೊದಲು ನೋಡುವುದು ಹಿಂದಿನ ಗೋಡೆ ಎಂಥದ್ದು ಅಂತ. ಬಣ್ಣ, ಡಿಸೈನ್ ಎಲ್ಲ ಆಮೇಲೆ.

ಎಂಡಿಎಫ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನೋಡಲಿಕ್ಕೆ ಅದೇ ಚಂದ. ಬಿಳಿ ಬಣ್ಣ, ನೇರ ಗೆರೆ, ಮೇಲಂಚಿನಲ್ಲಿ ಸಣ್ಣ ಮೋಲ್ಡಿಂಗ್. ಫ್ಲ್ಯಾಟಿನಲ್ಲಿ ವುಡನ್ ಫ್ಲೋರಿಂಗ್ ಜೊತೆಗೇ ಅದೂ ಬಂದಿತ್ತು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಮತ್ತೊಂದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಾಲ್ಕನಿ ಬಾಗಿಲಿನ ಪಕ್ಕದ ತುಂಡಿನ ಕೆಳಗಿನ ಅಂಚು ನೆನೆದ ಅವಲಕ್ಕಿ ಹಾಗೆ ಉಬ್ಬಿತು. ಮೇಲಿನ ಪೇಂಟ್ ಹಾಗೇ ಇತ್ತು, ಬೆರಳಿಂದ ಒತ್ತಿದರೆ ಒಳಗೆ ಮೆತ್ತಗೆ. ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನಲ್ಲಿ ಕಲಸಿ ಬಿಸಿಯಲ್ಲಿ ಒತ್ತಿ ಮಾಡುವ ಹಲಗೆ. ನೀರು ಕುಡಿದು ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಉಜ್ಜಿ ಪೇಂಟ್ ಹೊಡೆಯಬಹುದು, ಮುಂದಿನ ಮಳೆಗೆ ಪುನಃ ಅದೇ ಕತೆ. ಮಂಗಳೂರಿನಲ್ಲಿ ಎಸಿ ಹಾಕಿ ಬಾಗಿಲು ಮುಚ್ಚಿಯೇ ಇರುವ ರೂಮಾದರೆ ನಡೆದೀತು. ನೆಲಕ್ಕೆ ನೀರು ಹೊಯ್ದು ಒರೆಸುವ ಮನೆಗೆ ಬೇಡವೇ ಬೇಡ.

ಟೈಲ್ಸ್ ವಿಷಯದಲ್ಲಿ ಲೆಕ್ಕ ಸುಲಭ, ಕೆಲಸ ಸೂಕ್ಷ್ಮ. ಎರಡಡಿಗೆ ಎರಡಡಿಯ ಒಂದು ಟೈಲಿನಿಂದ ನಾಲ್ಕಿಂಚಿಗೆ ಕೂದಲೆಳೆ ಕಮ್ಮಿಯ ಆರು ಪಟ್ಟಿ ಬರುತ್ತವೆ, ಹನ್ನೆರಡು ಅಡಿ ಆಯಿತು. ಹತ್ತಕ್ಕೆ ಹನ್ನೆರಡರ ರೂಮಿನ ಸುತ್ತಳತೆ 44 ಅಡಿ. ಬಾಗಿಲಿನ ಮೂರಡಿ ಬಿಟ್ಟರೆ 41. ನಾಲ್ಕು ಟೈಲ್ಸ್ ಸಾಕು. ಇನ್ನು ಸೂಕ್ಷ್ಮ. ಆರು ಪಟ್ಟಿಗಳಲ್ಲಿ ಫ್ಯಾಕ್ಟರಿಯ ನುಣುಪು ಅಂಚು ಉದ್ದಕ್ಕೆ ಸಿಗುವುದು ಎರಡಕ್ಕೆ ಮಾತ್ರ, ಮೊದಲನೆಯದಕ್ಕೂ ಕೊನೆಯದಕ್ಕೂ. ನಡುವಿನ ನಾಲ್ಕಕ್ಕೆ ಎರಡೂ ಕಡೆ ಕಟ್ ಮಾಡಿದ ಅಂಚೇ. ಗ್ಲೇಜ್ಡ್ ಟೈಲ್ಸಾದರೆ ಡಿಸೈನ್ ಇರುವುದು ಮೇಲ್ಪದರದಲ್ಲಿ ಮಾತ್ರ, ಕತ್ತರಿಸಿದಲ್ಲಿ ಒಳಗಿನ ಬೇರೆ ಬಣ್ಣ ಕಾಣುತ್ತದೆ. ಬ್ಲೇಡ್ ಹಳತಾಗಿದ್ದರೆ ಅಂಚಿನುದ್ದಕ್ಕೂ ಸಾಸಿವೆ ಕಾಳಿನಷ್ಟು ಚಕ್ಕೆ ಹಾರಿರುತ್ತದೆ. ನಮ್ಮ ಹಾಲ್‌ನ ಕಿಟಕಿ ಕೆಳಗೆ ಬೆಳಗಿನ ಬಿಸಿಲು ಅಡ್ಡ ಬಿದ್ದಾಗ ಈ ಚಕ್ಕೆಗಳೆಲ್ಲ ಎದ್ದು ಕಾಣುತ್ತವೆ. ಫುಲ್ ಬಾಡಿ ಟೈಲ್ಸಿಗೆ ಈ ತಾಪತ್ರಯ ಇಲ್ಲ, ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ.

ಇದಕ್ಕೆ ಒಳ್ಳೆಯ ದಾರಿ ಎಂದರೆ ಸ್ಕರ್ಟಿಂಗನ್ನು ಗೋಡೆಯ ಮಟ್ಟಕ್ಕೇ ಕೂರಿಸುವುದು. ಸಾರಣೆ (ಪ್ಲಾಸ್ಟರಿಂಗ್) ಮಾಡುವಾಗಲೇ ಕೆಳಗೆ ನಾಲ್ಕಿಂಚು ಬಿಟ್ಟರೆ ಟೈಲ್ಸ್ ಒಳಗೆ ಕೂರುತ್ತದೆ, ಕಟ್ ಮಾಡಿದ ಅಂಚು ಪುಟ್ಟಿಯ ಹಿಂದೆ ಅಡಗುತ್ತದೆ. ಮೇಲೆ ಧೂಳು ಕೂರುವ ಮೆಟ್ಟಿಲೂ ಇಲ್ಲ. ನಮ್ಮ ಮೇಸ್ತ್ರಿ ಹೇಳಿದ್ದೂ ಇಷ್ಟೇ: "ಸಾರಣೆಗೆ ಮೊದಲೇ ಹೇಳಿ ಮಾರಾಯ್ರೆ, ಆಮೇಲೆ ಒಡೆಯುವ ಕೆಲಸ ಬೇಡ." ಮಕ್ಕಳ ರೂಮಿಗೆ ಹಾಗೆ ಮಾಡಿಸಿದೆವು. ಹಾಲ್‌ನ ಸಾರಣೆ ಅಷ್ಟರಲ್ಲಿ ಮುಗಿದಿತ್ತು, ಅಲ್ಲಿ ಪಟ್ಟಿ ಅರ್ಧ ಇಂಚು ಹೊರಗೆ ನಿಂತಿದೆ. ವಾರಕ್ಕೊಮ್ಮೆ ಅದರ ಮೇಲೆ ಬೆರಳು ಎಳೆದರೆ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ.

ಅಂಟಿಸುವುದಕ್ಕೆ ಬರೀ ಸಿಮೆಂಟ್ ನೀರಿಗಿಂತ ಟೈಲ್ಸ್ ಅಂಟು ಒಳ್ಳೆಯದು. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೆಚ್ಚುಕಮ್ಮಿ ಹೀರದ ಕಾರಣ ಸಿಮೆಂಟಿಗೆ ಹಿಡಿತ ಕಮ್ಮಿ. ಕೆಲಸ ಮುಗಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಪಟ್ಟಿಯನ್ನು ಆಗಲೇ ತೆಗೆಸಿ ಹಾಕಿಸಿ.

ಗ್ರಾನೈಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾರ್ಕಳದ ಗೊಮ್ಮಟ 1432ರಿಂದ ಇದೇ ಮಳೆಯಲ್ಲಿ ನಿಂತಿದ್ದಾನೆ, ನಮ್ಮ ನಾಲ್ಕಿಂಚಿನ ಕಲ್ಲಿಗೆ ಏನಾದೀತು? ಖರ್ಚು ಬೀಳುವುದು ಕಲ್ಲಿಗಿಂತ ಅಂಚಿನ ಪಾಲಿಶಿಗೆ. ರನ್ನಿಂಗ್ ಫೀಟ್ (ಉದ್ದದ ಅಡಿ) ಲೆಕ್ಕದಲ್ಲಿ ಬೇರೆಯೇ ಹಾಕುತ್ತಾರೆ, ಮೊದಲೇ ಕೇಳಿಕೊಳ್ಳಿ. ಕಲ್ಲಿನ ದಪ್ಪ ಟೈಲ್ಸಿನ ಎರಡರಷ್ಟು, ಹಾಗಾಗಿ ಸಣ್ಣ ರೂಮಿನಲ್ಲಿ ಒಡ್ಡೊಡ್ಡಾಗಿ ಕಾಣುತ್ತದೆ. ಕಪಾಟು ಗೋಡೆಗೆ ತಾಗಿ ಕೂರುವುದಿಲ್ಲ. ಸಿಟೌಟಿಗೆ, ಮೆಟ್ಟಿಲಿಗೆ, ಬಾತ್‌ರೂಮ್ ಹೊರಗಿನ ಗೋಡೆಗೆ ಮಾತ್ರ ಇದಕ್ಕೆ ಸಾಟಿ ಇಲ್ಲ. ಮಾರ್ಬಲ್ ಬೇಡ: ಯಾರಾದರೂ ಒಂದು ಸಲ ಆಸಿಡ್ ಹಾಕಿ ಉಜ್ಜಿದರೆ ಹೊಳಪು ಹೋಯಿತು.

ಡಬ್ಲ್ಯೂಪಿಸಿ ಅಂದರೆ ಮರದ ಹುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಪಟ್ಟಿ. ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಹಿಂದೆ ಇಂಟರ್ನೆಟ್ ವಯರ್ ಅಡಗಿಸಬಹುದು. ಮಹಡಿಯ ರೂಮಿಗೆ ಒಂದೇ ಮಧ್ಯಾಹ್ನದಲ್ಲಿ ಹಾಕಿ ಹೋದರು, ಧೂಳೂ ಇಲ್ಲ, ಗಲಾಟೆಯೂ ಇಲ್ಲ. ಆದರೆ ಪಡುವಣ ಗೋಡೆಯಲ್ಲಿ ಎಪ್ರಿಲ್ ಬಿಸಿಲಿಗೆ ಪಟ್ಟಿ ಹಿಗ್ಗಿ ಮೂಲೆಯಲ್ಲಿ ಎದ್ದು ನಿಂತಿತು. ಮೂಲೆಗೆ ಮೂಲೆ ಬಿಗಿಯಾಗಿ ಕೂರಿಸಿದ್ದರು, ಹಿಗ್ಗಲು ಜಾಗವೇ ಇರಲಿಲ್ಲ. ಬರೀ ಸಿಲಿಕಾನಿನಲ್ಲಿ ಅಂಟಿಸಿದ್ದ ಕಡೆ ಪೇಂಟನ್ನೂ ಎಳೆದುಕೊಂಡು ಬಂತು. ಕೊನೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟು ಸ್ಕ್ರೂ ಹಾಕಿಸಿದ ಮೇಲೆ ಸುಮ್ಮನಿದೆ. ಕೆಳಗಿನ ಮನೆಯ ತೇವದ ಗೋಡೆಗೆ ಇದನ್ನು ಹಾಕಲು ನನಗೆ ಮನಸ್ಸಿಲ್ಲ. ಪಟ್ಟಿಗೆ ಏನೂ ಆಗದು, ಹಿಂದಿನ ಸಂದಿನಲ್ಲಿ ಬೂಷ್ಟು ಹಿಡಿಯುತ್ತದೆ, ಜಿರಳೆ ಸಂಸಾರ ಹೂಡುತ್ತದೆ.

ಹಲಸು, ಸಾಗುವಾನಿಯ ಪಟ್ಟಿ ಹಾಕಿಸಲು ಆಸೆ ಇದ್ದವರು ಒಳಗೋಡೆಗೆ, ಅದೂ ಮಹಡಿಯಲ್ಲಿ ಹಾಕಿಸಿ. ಹಿಂಬದಿಗೂ ಪಾಲಿಶ್ ಆಗಬೇಕು.

ರೆಡ್ ಆಕ್ಸೈಡ್ ಬೇರೆಯೇ ಲೋಕ. ಅಜ್ಜನ ಮನೆಯಲ್ಲಿ ನೆಲವೂ ಸ್ಕರ್ಟಿಂಗೂ ಒಂದೇ ಎರಕ. ಮೂಲೆಯಲ್ಲಿ ಜಾಯಿಂಟೇ ಇಲ್ಲ, ಸ್ವಲ್ಪ ಬಾಗಿ ಗೋಡೆಗೆ ಏರುತ್ತದೆ, ಹಿಡಿಸೂಡಿಗೆ ಕಸ ಸಿಕ್ಕಿಕೊಳ್ಳುವ ಮೂಲೆಯೇ ಇಲ್ಲ. ಗುಡಿಸುವವರ ಕಣ್ಣಿಂದ ನೋಡಿದರೆ ಇವೆಲ್ಲದರಲ್ಲಿ ಅದಕ್ಕೇ ಮೊದಲ ಸ್ಥಾನ. ಆದರೆ ನೆಲ ರೆಡ್ ಆಕ್ಸೈಡ್ ಆದರೆ ಮಾತ್ರ ಅದಕ್ಕೆ ಅರ್ಥ, ಉಜ್ಜಿ ನುಣುಪು ಮಾಡಬಲ್ಲ ಕೈಯೂ ಸಿಗಬೇಕು.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಗೋಡೆಯಲ್ಲಿ ತೇವ ಏರುತ್ತಿದ್ದರೆ ಯಾವ ಸ್ಕರ್ಟಿಂಗೂ ಅದನ್ನು ತಡೆಯದು. ಟೈಲ್ಸ್, ಗ್ರಾನೈಟ್ ಹಾಕಿದ ಕಡೆ ತೇವ ಆಚೆ ಬರಲಾಗದೆ ಇನ್ನೂ ಮೇಲೆ ಹೋಗಿ, ಪಟ್ಟಿಯ ಮೇಲಂಚಿನಲ್ಲೇ ಪೇಂಟನ್ನು ಗುಳ್ಳೆ ಎಬ್ಬಿಸುತ್ತದೆ. ಕೆಲವರು ಅದಕ್ಕೆ ಆರಿಂಚಿನ ಪಟ್ಟಿ ಹಾಕುತ್ತಾರೆ, ಗುಳ್ಳೆ ಎರಡಿಂಚು ಮೇಲೆ ಹೋಗುತ್ತದೆ ಅಷ್ಟೆ. ಮೊದಲು ಹೊರಗಿನ ಅಂಗಳದ ನೀರು ಗೋಡೆಯ ಬುಡದಲ್ಲಿ ನಿಲ್ಲದ ಹಾಗೆ ಮಾಡಿ, ಸಾರಣೆ ಪೂರ್ತಿ ಒಣಗಲು ಒಂದು ಬೇಸಿಗೆ ಬಿಡಿ.

ಟೈಲ್ಸೇ ಅಂತ ನಿರ್ಧಾರ ಮಾಡಿದರೆ ಸ್ಕರ್ಟಿಂಗಿಗೆ ಬೇಕಾದ್ದನ್ನೂ ನೆಲದ ಟೈಲ್ಸ್ ಜೊತೆಗೇ ತನ್ನಿ, ಬಾಕ್ಸಿನ ಮೇಲಿನ ಬ್ಯಾಚ್ ನಂಬರ್ ಒಂದೇ ಇರಲಿ. ಮತ್ತೆ ಹೋದರೆ ಅದೇ ಹೆಸರಿನ ಟೈಲ್ಸ್ ಸಿಗಬಹುದು, ಅದೇ ಶೇಡ್ ಸಿಗುವುದು ಕಷ್ಟ.