ಮುಗಿಬೀಳುವ ಗುಂಪಿನೆದುರು ಇನ್‌ಸ್ಟಾಗ್ರಾಂನ ‘ಲಿಮಿಟ್’: ಎಷ್ಟು ತಡೆಯುತ್ತದೆ, ಎಲ್ಲಿ ಕೈಕೊಡುತ್ತದೆ

ಇನ್‌ಸ್ಟಾಗ್ರಾಂನಲ್ಲಿ ‘ಲಿಮಿಟ್ ಇಂಟರಾಕ್ಷನ್ಸ್’ ಎಂಬ ಸೌಲಭ್ಯವಿದೆ ಎಂದು ಹೆಚ್ಚಿನವರಿಗೆ ತಿಳಿಯುವುದೇ ತಡವಾಗಿ, ಕಾಮೆಂಟುಗಳಲ್ಲಿ ಮಾನ ಹರಾಜಾದ ಮೇಲೆ. ಇದು ಬಂದದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕೆ ಒಂದು ತಿಂಗಳ ಮುಂಚೆ, ಜುಲೈ 11ರ ಯೂರೊ ಕಪ್ ಫೈನಲ್‌ನಲ್ಲಿ ಪೆನಾಲ್ಟಿ ಗೋಲು ತಪ್ಪಿಸಿಕೊಂಡ ಇಂಗ್ಲೆಂಡಿನ ರಾಶ್‌ಫರ್ಡ್, ಸ್ಯಾಂಚೊ ಮತ್ತು ಸಾಕಾ ಮೇಲೆ ಜನಾಂಗೀಯ ನಿಂದನೆಯ ಸುರಿಮಳೆಯೇ ಆಗಿತ್ತು. ಖ್ಯಾತನಾಮರಿಗೆ ಬರುವ ಬೈಗುಳದಲ್ಲಿ ಬಹಳಷ್ಟು ಅವರನ್ನು ಫಾಲೋ ಮಾಡದವರಿಂದ, ಇಲ್ಲವೇ ಆಗಷ್ಟೇ ಫಾಲೋ ಮಾಡಿದವರಿಂದ ಬರುತ್ತದೆ ಎಂಬುದನ್ನು ಸಂಸ್ಥೆ ಕಂಡುಕೊಂಡಿತ್ತು. ಆ ಎರಡು ಗುಂಪಿನವರ ಕಾಮೆಂಟು, ಮೆಸೇಜುಗಳನ್ನು ಒಂದೇ ಏಟಿಗೆ ಮರೆಗೆ ಸರಿಸುವುದೇ ಲಿಮಿಟ್‌ನ ಕೆಲಸ. ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಹಾಕುವುದು ಹೀಗೆ: ಪ್ರೊಫೈಲ್‌ಗೆ ಹೋಗಿ ಮೇಲಿನ ಮೂರು ಗೆರೆ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಇತರರು ನಿಮ್ಮೊಂದಿಗೆ ಹೇಗೆ ವ್ಯವಹರಿಸಬಹುದು ಎಂಬ ಭಾಗಕ್ಕೆ ಇಳಿದರೆ ‘ಲಿಮಿಟ್ ಇಂಟರಾಕ್ಷನ್ಸ್’ ಸಿಗುತ್ತದೆ. ಫಾಲೋ ಮಾಡದವರು, ಇತ್ತೀಚೆಗೆ ಫಾಲೋ ಮಾಡಿದವರು, ಇಲ್ಲವೇ ಕ್ಲೋಸ್ ಫ್ರೆಂಡ್ಸ್ ಬಿಟ್ಟು ಉಳಿದೆಲ್ಲರೂ ಎಂದು ಆರಿಸಬಹುದು. ಒಂದು ಸಲಕ್ಕೆ ಗರಿಷ್ಠ ನಾಲ್ಕು ವಾರ, ಬೇಕಾದರೆ ವಿಸ್ತರಿಸಬಹುದು. ಇದರ ದೊಡ್ಡ ಗುಣವೆಂದರೆ, ನಿರ್ಬಂಧಕ್ಕೆ ಒಳಗಾದವರಿಗೆ ಅದು ತಿಳಿಯುವುದಿಲ್ಲ. ಬ್ಲಾಕ್ ಮಾಡಿದರೆ ‘ಉತ್ತರ ಕೊಡಲಾಗದೆ ಬ್ಲಾಕ್ ಮಾಡಿದರು ನೋಡಿ’ ಎಂಬ ಸ್ಕ್ರೀನ್‌ಶಾಟ್ ಮತ್ತೊಂದು ಸುತ್ತಿನ ದಾಳಿಗೆ ಸರಕಾಗುತ್ತದೆ. ಲಿಮಿಟ್‌ನಲ್ಲಿ ಆ ಅವಕಾಶವೇ ಇಲ್ಲ.

ಆದರೆ ಇದನ್ನು ಹಾಕುವುದಕ್ಕೂ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ, ಗಾಬರಿಯಲ್ಲಿ ಎಲ್ಲರೂ ಬಿಡುವುದು ಅದನ್ನೇ: ಸಾಕ್ಷ್ಯ ಎತ್ತಿಡುವುದು. ಬೆದರಿಕೆ, ಮನೆ ವಿಳಾಸ, ಫೋನ್ ನಂಬರ್ ಬಯಲು ಮಾಡಿದ ಕಾಮೆಂಟುಗಳ ಬರೀ ಸ್ಕ್ರೀನ್‌ಶಾಟ್ ಸಾಲದು. ಪೋಸ್ಟ್‌ನ ಲಿಂಕ್, ಬರೆದವರ ಪ್ರೊಫೈಲ್ ಲಿಂಕ್, ದಿನಾಂಕ, ಸಮಯ ಬರೆದಿಡಿ. ಪ್ರೊಫೈಲ್‌ನಿಂದ ಶುರುಮಾಡಿ ಕಾಮೆಂಟಿನ ತನಕ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ, ಏಕೆಂದರೆ ಯೂಸರ್‌ನೇಮ್ ಬದಲಾಯಿಸುವುದು ಕ್ಷಣದ ಕೆಲಸ. ಮೂಲ ಫೈಲ್ ಅದೇ ಫೋನಿನಲ್ಲಿ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿದ ಪ್ರತಿ ಹೋಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಡಿಜಿಟಲ್ ದಾಖಲೆಯ ಜೊತೆ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಇರುವ ಪ್ರಮಾಣಪತ್ರ ಕೇಳುತ್ತದೆ, ಪ್ರಕರಣ ಕೋರ್ಟಿಗೆ ಹೋದರೆ ಮೂಲ ಫೈಲ್ ಇಲ್ಲದೆ ಪೇಚಾಟ. ವಿವಾದಕ್ಕೆ ಕಾರಣವಾದ ಪೋಸ್ಟ್ ಅನ್ನೂ ಡಿಲೀಟ್ ಮಾಡದೆ ಆರ್ಕೈವ್‌ಗೆ ಹಾಕಿ. ಕಾಮೆಂಟ್, ಲೈಕ್ ಸಮೇತ ಅದು ಉಳಿಯುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಡಿಲೀಟ್ ಮಾಡಿದವರ ಬಳಿ ಪೂರ್ತಿ ಮಾತು ಇರುವುದಿಲ್ಲ, ಬೈಯುವವರ ಬಳಿ ಕತ್ತರಿಸಿದ ತುಣುಕು ಮಾತ್ರ ಉಳಿದಿರುತ್ತದೆ.

ಅಷ್ಟರಲ್ಲಿ ಜಮಾಯಿಸಿದ ಕಾಮೆಂಟುಗಳನ್ನು ತೆಗೆಯುವ ವ್ಯವಸ್ಥೆ ಮಾತ್ರ ಬೇಸರ ಹುಟ್ಟಿಸುತ್ತದೆ. ಒಂದು ಸಲಕ್ಕೆ 25 ಕಾಮೆಂಟ್ ಆರಿಸಿ ಅಳಿಸಬಹುದು. ಎರಡು ಸಾವಿರ ಇದ್ದರೆ 80 ಸುತ್ತು, ಪ್ರತಿ ಸುತ್ತಿನಲ್ಲೂ ಆ ಮಾತುಗಳನ್ನು ಮತ್ತೆ ಓದಬೇಕು. ನಂಬುವ ಗೆಳೆಯರೋ ಅಕ್ಕನೋ ಕೂತು ಮಾಡಿಕೊಡಬೇಕಾದ ಕೆಲಸ ಇದು. ಬೈಸಿಕೊಂಡವರ ಕೈಗೆ ಆ ಫೋನ್ ಕೊಡಲೇಬಾರದು.

ಲಿಮಿಟ್ ಜೊತೆಗೇ ಬಳಸಬೇಕಾದದ್ದು 2021ರ ಏಪ್ರಿಲ್‌ನಲ್ಲಿ ಬಂದ ‘ಹಿಡನ್ ವರ್ಡ್ಸ್’. ನಾವು ಕೊಟ್ಟ ಪದ, ಎಮೋಜಿ ಇರುವ ಕಾಮೆಂಟ್ ಮತ್ತು ಮೆಸೇಜ್ ರಿಕ್ವೆಸ್ಟ್‌ಗಳನ್ನು ಇದು ಮರೆಗೆ ಸರಿಸುತ್ತದೆ. ಕನ್ನಡದವರು ಇಲ್ಲಿ ಸ್ವಲ್ಪ ಶ್ರಮ ಪಡಲೇಬೇಕು. ನಮ್ಮವರು ಬೈಯುವುದು ಕನ್ನಡ ಲಿಪಿಯಲ್ಲೂ ಹೌದು, ಇಂಗ್ಲಿಷ್ ಅಕ್ಷರದಲ್ಲೂ ಹೌದು. ‘ನಾಚಿಕೆಗೆಟ್ಟ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದು ‘ಎ’ ಹಾಕುತ್ತಾರೆ, ಇನ್ನೊಬ್ಬರು ಎರಡು. ‘ಟಿ’ ಕೂಡ ಹಾಗೆಯೇ. ಆದ್ದರಿಂದ ಪ್ರತಿ ಬೈಗುಳಕ್ಕೆ ಕನ್ನಡ ರೂಪ ಒಂದು, ಇಂಗ್ಲಿಷ್ ಅಕ್ಷರದ ರೂಪ ನಾಲ್ಕೈದು, ಜೊತೆಗೆ ‘-ಗೆ’, ‘-ನ್ನ’ ಸೇರಿದ ರೂಪಗಳನ್ನೂ ಅಲ್ಪವಿರಾಮ ಹಾಕಿ ಪಟ್ಟಿಗೆ ಸೇರಿಸಿ. ದಾಳಿಯ ಹ್ಯಾಷ್‌ಟ್ಯಾಗು, ನಿಮ್ಮ ಊರಿನ ಹೆಸರು, ಫೋನ್ ನಂಬರ್ ಕೂಡ ಇರಲಿ. ಪಟ್ಟಿಯನ್ನು ನೆಮ್ಮದಿಯ ದಿನದಲ್ಲೇ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು. ಟ್ಯಾಗ್ ಮತ್ತು ಮೆನ್ಷನ್ ಆಯ್ಕೆಯನ್ನೂ ‘ನೀವು ಫಾಲೋ ಮಾಡುವವರು ಮಾತ್ರ’ ಎಂದು ಬದಲಿಸಿ.

ಲಿಮಿಟ್ ಸೋಲುವುದು ಪರಿಚಿತರ ಎದುರು. ಹಳೆಯ ಸಹಪಾಠಿ, ಸಹೋದ್ಯೋಗಿ, ವರ್ಷಗಳಿಂದ ಫಾಲೋ ಮಾಡುತ್ತಿದ್ದವರು ಗುಂಪಿಗೆ ಸೇರಿದರೆ ಮೊದಲ ಎರಡು ಆಯ್ಕೆಗಳು ಅವರನ್ನು ಮುಟ್ಟುವುದಿಲ್ಲ. ಮನಸ್ಸಿಗೆ ಹೆಚ್ಚು ತಾಗುವುದೂ ಅವರ ಮಾತೇ. ಅಂಥವರಿಗೆ 2019ರಿಂದಲೂ ಇರುವ ‘ರಿಸ್ಟ್ರಿಕ್ಟ್’ ಸರಿ. ಅವರ ಕಾಮೆಂಟ್ ಅವರಿಗೆ ಮಾತ್ರ ಕಾಣುತ್ತದೆ, ನೀವು ಮೆಸೇಜ್ ಓದಿದಿರೋ ಇಲ್ಲವೋ ಅವರಿಗೆ ತಿಳಿಯುವುದಿಲ್ಲ. ಕಾಮೆಂಟುಗಳನ್ನು ಆರಿಸಿಕೊಂಡು ಒಂದೇ ಸಲಕ್ಕೆ ಹಲವರಿಗೂ ಇದನ್ನು ಹಾಕಬಹುದು.

ಇನ್ನೂ ದೊಡ್ಡ ಮಿತಿಯೆಂದರೆ, ಈ ಬೀಗಗಳೆಲ್ಲ ನಮ್ಮ ಮನೆ ಬಾಗಿಲಿಗಷ್ಟೇ. ಮಾನ ತೆಗೆಯುವುದು ನಡೆಯುವುದು ಬೀದಿಯಲ್ಲಿ. 2022ರ ಸೆಪ್ಟೆಂಬರ್ 4ರಂದು ದುಬೈನಲ್ಲಿ ಪಾಕಿಸ್ತಾನದ ವಿರುದ್ಧದ ಏಷ್ಯಾ ಕಪ್ ಪಂದ್ಯದಲ್ಲಿ ಅರ್ಷದೀಪ್ ಸಿಂಗ್ ಕ್ಯಾಚ್ ಬಿಟ್ಟಾಗ, ಅವರ ವಿಕಿಪೀಡಿಯ ಪುಟವನ್ನೇ ತಿದ್ದಿ ಖಲಿಸ್ತಾನದ ಜೊತೆ ನಂಟು ಕಟ್ಟಿದರು. ಕೇಂದ್ರ ಐಟಿ ಸಚಿವಾಲಯವೇ ವಿವರಣೆ ಕೇಳಬೇಕಾಯಿತು. ಟ್ರೋಲ್ ಪೇಜುಗಳ ರೀಲ್ಸ್, ಎಕ್ಸ್‌ನಲ್ಲಿ ಕೆಲಸದ ಸಂಸ್ಥೆಯನ್ನು ಟ್ಯಾಗ್ ಮಾಡಿ ‘ಇವರನ್ನು ತೆಗೆದುಹಾಕಿ’ ಎನ್ನುವ ಪೋಸ್ಟುಗಳು, ವಾಟ್ಸ್ಆ್ಯಪ್ ಗುಂಪುಗಳು, ಇವು ಯಾವುದಕ್ಕೂ ಲಿಮಿಟ್ ನಾಟುವುದಿಲ್ಲ. ಸಂಸ್ಥೆಯ ಎಚ್‌ಆರ್‌ಗೆ ಆ ಪೋಸ್ಟುಗಳು ತಲುಪುವ ಮೊದಲೇ ನೀವೇ ಒಂದು ಇಮೇಲ್‌ನಲ್ಲಿ ನಡೆದದ್ದನ್ನು ಪೂರ್ತಿ ಸಂದರ್ಭದೊಂದಿಗೆ ತಿಳಿಸಿ.

ನಕಲಿ ಖಾತೆ, ತಿರುಚಿದ ಚಿತ್ರಗಳಂಥ ದೂರು ಕೇಳಲು 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ದೊಡ್ಡ ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ಆ್ಯಪ್‌ನಲ್ಲಿ ರಿಪೋರ್ಟ್ ಒತ್ತಿ ಸುಮ್ಮನಾಗಬೇಡಿ, ಆ ಅಧಿಕಾರಿಗೇ ಲಿಂಕುಗಳ ಸಮೇತ ಬರೆಯಿರಿ. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಎಸಿ ಎಂಬ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಬೆದರಿಕೆ ಇದ್ದರೆ ಕಾಯಬೇಡಿ, ನೇರ ಸೈಬರ್ ಕ್ರೈಂ ಠಾಣೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್.

ಲಿಮಿಟ್‌ಗೆ ಅಂಕ ಕೊಡುವುದಾದರೆ ಐದಕ್ಕೆ ಮೂರು. ಕಾಮೆಂಟುಗಳು ಒಮ್ಮೆಲೇ ಏರಿದ್ದನ್ನು ಗುರುತಿಸಿ ತಾನೇ ಬಳಕೆದಾರರನ್ನು ಎಚ್ಚರಿಸುವ ದಾರಿ ಹುಡುಕುತ್ತಿದ್ದೇವೆ ಎಂದು ಸಂಸ್ಥೆ 2021ರಲ್ಲೇ ಹೇಳಿತ್ತು. ಮೆನುವಿನ ಆಳದಲ್ಲಿ ಕೂತಿರುವ ಸ್ವಿಚ್ಚನ್ನು ಕೈ ನಡುಗುತ್ತಿರುವ ಮನುಷ್ಯ ಹುಡುಕಬೇಕಾದ ಸ್ಥಿತಿ ಅನ್ಯಾಯ, ಎರಡು ಅಂಕ ಕಳೆದದ್ದರಲ್ಲಿ ಹೆಚ್ಚಿನ ಪಾಲು ಅದಕ್ಕೇ. ವ್ಯಾಪಾರದ ಖಾತೆಗಳಿಗೆ ಇದನ್ನು ಶಿಫಾರಸು ಮಾಡಲಾರೆ. ಹೊಸ ಗಿರಾಕಿಗಳ ಪ್ರಶ್ನೆಗಳೂ ಮರೆಯಾಗುತ್ತವೆ. ಹಾಳಾದ ಮಾಲಿನ ಬಗ್ಗೆ ದೂರುವವರು ಟ್ರೋಲ್‌ಗಳಲ್ಲ, ಅವರ ಬಾಯಿ ಮುಚ್ಚಿಸಲು ಇದನ್ನು ಬಳಸುವುದು ತಪ್ಪು.