ಬಾರೆ ಸಸಿ ಕೊಳ್ಳೋ ಮುಂಚೆ ಅದರ ಬೇರು ನೋಡಿ

ಮುಂಗಾರು ಹತ್ತಿರ ಬಂತು ಅಂದರೆ ನಮ್ಮ ಚಳ್ಳಕೆರೆ ಕಡೆಯ ಹಳ್ಳಿಗಳಿಗೆ ಸಸಿ ಮಾರುವವರು ಟೆಂಪೋ ತುಂಬಿಕೊಂಡು ಬರುತ್ತಾರೆ. ಆಪಲ್ ಬಾರೆ, ನೇರಳೆ, ಸೀತಾಫಲ, ಡ್ರ್ಯಾಗನ್ ಫ್ರೂಟ್, ಎಲ್ಲ ಇರುತ್ತೆ. "ಗರಸು ನೆಲ ಆದರೂ ಪರವಾಗಿಲ್ಲ, ನೀರೇ ಬೇಡ, ಹಣ್ಣು ನಾವೇ ಬಂದು ಒಯ್ಯುತ್ತೇವೆ" ಅನ್ನುತ್ತಾರೆ. 2021ರಲ್ಲಿ ಈ ಮಾತು ನಂಬಿ ಎರಡು ಎಕರೆಗೆ 600 ಬಾರೆ ಸಸಿ ಹಾಕಿದೆ. ಒಂದಕ್ಕೆ 70 ರೂಪಾಯಿ, ಗುಂಡಿ ತೋಡಿಸಿದ ಕೂಲಿ ಬೇರೆ. ಶೇಂಗಾ ಬಿತ್ತಿ ಬಿತ್ತಿ ಸೋತಿದ್ದೆ, ಅದಕ್ಕೇ ಆಸೆಯಾಯಿತು.

ಬಾರೆಯ ಮೇಲೆ ನನಗೇನೂ ದೂರಿಲ್ಲ. ಅದು ನಮ್ಮ ಬಯಲುಸೀಮೆಯದೇ ಮರ. ಬೇಸಿಗೆಯಲ್ಲಿ ಎಲೆ ಉದುರಿಸಿಕೊಂಡು ಸುಮ್ನೆ ನಿಲ್ಲುತ್ತೆ. ಮಳೆ ಬಿದ್ದ ಮೇಲೆ ಚಿಗುರಿ, ಹೂ ಬಿಟ್ಟು, ಸಂಕ್ರಾಂತಿ ಹೊತ್ತಿಗೆ ಹಣ್ಣು ಕೊಡುತ್ತೆ. ಆಗ ಮಕ್ಕಳ ತಲೆಗೆ ಎಲಚಿ ಹಣ್ಣು ಎರೆಯುತ್ತಾರಲ್ಲ, ಅದೇ ಇದು. ಎಡವಟ್ಟಾಗಿದ್ದು ಸಸಿಯಲ್ಲಿ.

2023ರ ಬರ ನೆನಪಿದೆ ಅಲ್ವಾ? ಆಗಸ್ಟ್ ಪೂರ್ತಿ ಮಳೆ ಕೈಕೊಟ್ಟಿತು. ಎರಡು ವರ್ಷದ ಗಿಡಗಳು ಸಾಲಿಗೆ ಸಾಲೇ ಒಣಗಿದವು. ಬದುವಿನ ಮೇಲೆ ತಾನಾಗೇ ಹುಟ್ಟಿದ ಕಾಡು ಬಾರೆ ಮಾತ್ರ ಹಸಿರಾಗೇ ಇತ್ತು. ಪಕ್ಕದ ಹೊಲದ ಅಜ್ಜ ಬಂದು, "ಒಂದು ಗಿಡ ಕಿತ್ತು ಬುಡ ನೋಡಪ್ಪ" ಅಂದರು. ಹಾರೆ ಹಾಕಿ ಮೀಟಿದೆ. ಸಲೀಸಾಗಿ ಎದ್ದು ಬಂತು. ತಾಯಿಬೇರು ಕೆಳಗೆ ಇಳಿದೇ ಇರಲಿಲ್ಲ. ಕೊಡ ಹೊರೋಕೆ ತಲೆ ಮೇಲೆ ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಸುತ್ತಿಕೊಂಡು ಕೂತಿತ್ತು. ಎರಡು ವರ್ಷ ಕಳೆದರೂ ಪ್ಲಾಸ್ಟಿಕ್ ಚೀಲದ ಆಕಾರ ಹಾಗೇ ಉಳಿದಿತ್ತು. ಬಹಳ ದಿನ ಚೀಲದಲ್ಲೇ ಕೊಳೆ ಹಾಕಿದ್ದ ಸಸಿಗಳನ್ನು ನನಗೆ ದಾಟಿಸಿದ್ದರು. ಬಾರೆ ಬರ ತಡೆಯೋದೇ ಆಳಕ್ಕೆ ಇಳಿಯುವ ತಾಯಿಬೇರಿನ ಬಲದಿಂದ. ಅದೇ ಸುತ್ತಿಕೊಂಡರೆ ಗಿಡ ಏನು ಕುಡಿಯಬೇಕು?

ಹೆಚ್ಚುಕಮ್ಮಿ ಅರ್ಧ ಗಿಡ ಹೋದವು. ಉಳಿದವು ಮುಂದಿನ ಮಳೆಗೆ ಜೋರಾಗಿ ಚಿಗುರಿದಾಗ ಬಹಳ ಖುಷಿಪಟ್ಟೆ. ಕಾಯಿ ಬಿಟ್ಟ ಮೇಲೆ ಗೊತ್ತಾಯಿತು, ಚಿಗುರು ಬಂದಿದ್ದು ಕಸಿ ಗಂಟಿನ, ಅಂದರೆ ಕಾಡು ಬಾರೆ ಬುಡಕ್ಕೆ ಒಳ್ಳೆ ತಳಿ ಕೂಡಿಸಿದ ಜಾಗದ, ಕೆಳಗಿಂದ. ಮೇಲಿನ ಕಸಿ ಒಣಗಿಹೋಗಿತ್ತು. ಗೋಲಿ ಗಾತ್ರದ ಹಣ್ಣು, ಒಳಗೆಲ್ಲ ಬೀಜ, ಬಾಯಿಗಿಟ್ಟರೆ ಹುಳಿ. ಹಣ್ಣು ಒಯ್ಯುತ್ತೇವೆ ಅಂದವರ ಫೋನ್ ಸ್ವಿಚ್ ಆಫ್. ದೂರು ಕೊಡೋಣ ಅಂದರೆ ಕೈಯಲ್ಲಿದ್ದ ಚೀಟಿಯಲ್ಲಿ "ಸಸಿ 600" ಅಂತ ಇತ್ತು, ತಳಿ ಹೆಸರೂ ಇಲ್ಲ, ಸಹಿಯೂ ಇಲ್ಲ.

ಇನ್ನೊಂದು ಮಾತು. 12 ಅಡಿಗೆ ಒಂದು ಗಿಡ ಹಾಕಿ ಅಂತ ಹೇಳಿಕೊಟ್ಟವರೂ ಅವರೇ. ಮಳೆ ನೆಚ್ಚಿದ ನೆಲದಲ್ಲಿ ಬಾರೆಗೆ 20 ಅಡಿ ಆದರೂ ಬೇಕು. ಆ ಲೆಕ್ಕದಲ್ಲಿ ಎರಡು ಎಕರೆಗೆ 220 ಸಸಿ ಸಾಕಿತ್ತು. ಮಿಕ್ಕಿದ್ದೆಲ್ಲ ಅವರ ವ್ಯಾಪಾರ.

ದಯವಿಟ್ಟು ದುಡ್ಡು ಕೊಡೋ ಮುಂಚೆ ಒಂದೆರಡು ಚೀಲ ಹರಿದು ಬೇರು ನೋಡಿ. ಬಿಡಲ್ಲ ಅಂದರೆ ಆ ಸಸಿ ಬೇಡ. ಕಸಿ ಗಂಟು ಎಲ್ಲಿದೆ ನೋಡಿ, ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಕಾಂಡಕ್ಕೆ ಕಚ್ಚಿಕೊಂಡಿದೆಯಾ ನೋಡಿ. ತಳಿ ಹೆಸರು ಬರೆದ ಬಿಲ್ ಇಸ್ಕೊಳ್ಳಿ. ನೆಟ್ಟ ಮೇಲೆ ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟುತ್ತಿರಿ.

ಇದಕ್ಕಿಂತ ಒಳ್ಳೆಯದು, ಹೊಲದಲ್ಲೇ ಬೀಜ ಊರೋದು. ಕಾಡು ಬಾರೆ ಬೀಜವನ್ನು ಉಪ್ಪುನೀರಿಗೆ ಹಾಕಿ, ತೇಲಿದ್ದನ್ನು ಬಿಸಾಡಿ, ಮುಳುಗಿದ್ದನ್ನು ತೊಳೆದು ಗುಂಡಿಗೆ ಎರಡು ಮೂರು ಊರಿ. ಬೇರು ಹುಟ್ಟಿದ ಜಾಗದಲ್ಲೇ ಆಳಕ್ಕೆ ಇಳಿಯುತ್ತೆ. ಕಾಂಡ ಪೆನ್ಸಿಲ್ ದಪ್ಪ ಆದಾಗ, ಹಣ್ಣು ತಿಂದು ನೋಡಿದ ಮರದಿಂದಲೇ ಕಣ್ಣು (ಎಲೆ ಬುಡದಲ್ಲಿರುವ ಚಿಗುರಿನ ಮೊಗ್ಗು) ತಂದು ಕಸಿ ಹಾಕಿಸಿ. ಒಂದು ವರ್ಷ ತಡ ಆಗುತ್ತೆ, ಆಗಲಿ.

ನನ್ನ ಹಾಗೆ ಕಾಡಾಗಿ ಹೋದ ಗಿಡ ನಿಮ್ಮಲ್ಲೂ ಇದ್ದರೆ ಬೇಸರದಲ್ಲಿ ಕಿತ್ತು ಹಾಕಬೇಡಿ. ಬರ ದಾಟಿದ ಬೇರು ಅದು. ನಾನು ಬೇಸಿಗೆಯಲ್ಲಿ ಮೊಳಕಾಲೆತ್ತರಕ್ಕೆ ಕಡಿಸಿ, ಮಳೆಗೆ ಬಂದ ಹೊಸ ಚಿಗುರಿಗೆ ಕಣ್ಣು ಕಸಿ ಹಾಕಿಸಿದೆ. ಮೊದಲು 40 ಗಿಡಕ್ಕೆ ಮಾಡಿಸಿದ್ದು. 31 ಹಿಡಿದಿವೆ.