ಗ್ಯಾಲರಿನಾ, ಮುಟ್ಟಿ ನೋಡುವ ಮೇಜಾ, ಕೆರೆ ದಂಡೆನಾ? ಮ್ಯೂಸಿಯಂ ಇಂಟರ್ನ್‌ಗೆ ಯಾವ ಡ್ಯೂಟಿ ವಾಸಿ

ಬೇಸಿಗೆ ರಜೆಯ ಮಕ್ಕಳ ಶಿಬಿರಕ್ಕೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇಂಟರ್ನ್ ಆಗಿ ಸೇರುವವರೆಲ್ಲ ಕೇಳುವುದು ಒಂದೇ ಡ್ಯೂಟಿ. ಮಕ್ಕಳನ್ನು ಹೊರಗೆ, ಕೆರೆ ದಂಡೆಗೆ, ಕರೆದುಕೊಂಡು ಹೋಗುವುದು. ಗ್ಯಾಲರಿ ಮಾತ್ರ ಬೇಡ ಮಾರಾಯ್ರೆ, ಗಂಟಲು ಹೋಗುತ್ತೆ ಅಂತ ಸೀನಿಯರ್‌ಗಳೂ ಕಿವಿ ಊದಿರುತ್ತಾರೆ. ನಾನು ಮೈಸೂರಿನಲ್ಲಿ ಮೂರೂ ಕೆಲಸ ಮಾಡಿ ನೋಡಿದೆ, ನನ್ನ ಲೆಕ್ಕ ಬೇರೆಯೇ ಬಂತು. ಮಕ್ಕಳಿಗೆ ಹೇಳಿಕೊಡುವುದನ್ನು ನೀವು ಕಲಿಯಬೇಕು ಅಂತಿದ್ದರೆ ಮುಟ್ಟಿ ನೋಡುವ ಮೇಜು ಕೇಳಿ. ಬೆಳಗ್ಗೆ ಖುಷಿಯಾಗಿ ಕಳೆದರೆ ಸಾಕು ಅಂದ್ರೆ ಕೆರೆ. ಗ್ಯಾಲರಿ ಮೂರರಲ್ಲಿ ಕಷ್ಟದ್ದು, ಅದಕ್ಕೇ ಅದರ ಬಗ್ಗೆ ಜಾಸ್ತಿ ಹೇಳಬೇಕು.

ಜಾಗ ಗೊತ್ತಿಲ್ಲದವರಿಗೆ ಎರಡು ಮಾತು. ಮೈಸೂರಿನ ರೀಜನಲ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಇರುವುದು ಸಿದ್ಧಾರ್ಥನಗರದ ಕಡೆ, ಕಾರಂಜಿ ಕೆರೆಯ ದಂಡೆಯಲ್ಲೇ. ಶುರುವಾಗಿದ್ದು 1995ರಲ್ಲಿ. ಕೇಂದ್ರ ಪರಿಸರ ಇಲಾಖೆಗೆ ಸೇರಿದ್ದು. ಇದರ ತಾಯಿ ಸಂಸ್ಥೆ ದೆಹಲಿಯದು, 1978ರಲ್ಲಿ ಬಾಗಿಲು ತೆರೆದದ್ದು. ಒಂದು ಕಡೆ ಗಾಜಿನ ಹಿಂದಿನ ಪ್ರಾಣಿ, ಇನ್ನೊಂದು ಕಡೆ ಕಿಟಕಿ ಆಚೆ ಜೀವಂತ ಹಕ್ಕಿ, ಹಾಗಾಗಿ ಹೋಲಿಕೆ ಮಾಡೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ.

ಮೊದಲು ಗ್ಯಾಲರಿ. ಮಕ್ಕಳು ಒಳಗೆ ಬಂದ ಕೂಡಲೇ ಓಡುತ್ತಾರೆ. ಮೊದಲ ಕೋಣೆಯಲ್ಲಿ ನೀವು ಭೂಮಿಯ ವಯಸ್ಸು ಹೇಳುತ್ತಿದ್ದರೆ ಅರ್ಧ ಗುಂಪು ಆಗಲೇ ಕೊನೆಯ ಕೋಣೆ ನೋಡಿ ವಾಪಸ್ ಬರುತ್ತಿರುತ್ತದೆ. ಎಲ್ಲಾ ತೋರಿಸ್ತೀನಿ ಅಂತ ಹೊರಟರೆ ಯಾವುದೂ ತಲೆಗೆ ಹೋಗಲ್ಲ. ಮೂರೇ ಮೂರು ಕಡೆ ನಿಲ್ಲಿಸಿ, ಉಳಿದದ್ದು ಅವರೇ ನೋಡಿಕೊಳ್ಳಲಿ.

ಸ್ಟಫ್ ಮಾಡಿದ ಪ್ರಾಣಿಯ ಮುಂದೆ ನಿಂತರೆ ಪ್ರಶ್ನೆ ಬರುವ ಕ್ರಮ ಹೆಚ್ಚುಕಮ್ಮಿ ಒಂದೇ. "ಅಕ್ಕಾ, ಇದು ನಿಜವಾದದ್ದಾ?" ಚರ್ಮ ನಿಜ, ಕಣ್ಣು ಗಾಜಿನದು, ಒಳಗಿರುವುದು ಮಾಂಸ ಅಲ್ಲ, ಅಚ್ಚು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಯಾರೋ ಒಬ್ಬಳು ಮೆಲ್ಲಗೆ ಕೇಳುತ್ತಾಳೆ, "ಹಾಗಾದ್ರೆ ಇದನ್ನ ಸಾಯಿಸಿದ್ದು ಯಾರು?" ಇಲ್ಲಿ ಜಾರಿಕೊಳ್ಳಬೇಡಿ. ಮೈಸೂರಿನಲ್ಲಿ ನಿಂತು ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ದೂರ ಹೋಗಬೇಕಿಲ್ಲ. ಸತ್ತ ಪ್ರಾಣಿಗಳನ್ನು ಹೀಗೆ ಸ್ಟಫ್ ಮಾಡಿಕೊಡುತ್ತಿದ್ದ ವಾನ್ ಇಂಗೆನ್ ಮನೆತನದ ಕಾರ್ಖಾನೆ ಇದ್ದದ್ದು ಇದೇ ಊರಲ್ಲಿ. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ಬೇಟೆಯಾಡಿದ ಹುಲಿ, ಚಿರತೆ ಸಾವಿರಗಟ್ಟಲೆ ಇಲ್ಲಿಗೆ ಬಂದು, ಬಾಯಿ ತೆರೆದು ಗರ್ಜಿಸುವ ಭಂಗಿಯಲ್ಲಿ ಅರಮನೆಗಳ ಗೋಡೆ ಸೇರಿದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ನಿಂತಿತು, ಆ ಕಸುಬೂ ನಿಧಾನಕ್ಕೆ ಮುಗಿಯಿತು. ಹತ್ತು ವರ್ಷದ ಮಕ್ಕಳು ಇದನ್ನು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಮ್ಯೂಸಿಯಂನಲ್ಲಿ ಇರುವುದೆಲ್ಲ ಬೇಟೆಯಾಡಿದ್ದೇ ಅಂತಲ್ಲ, ಝೂನಲ್ಲಿ ವಯಸ್ಸಾಗಿ ಸತ್ತದ್ದನ್ನೂ ಹೀಗೆ ಉಳಿಸಿಕೊಳ್ಳಬಹುದು ಅನ್ನುವುದನ್ನೂ ಸೇರಿಸಿ. ಇಲ್ಲದಿದ್ದರೆ ಮನೆಗೆ ಹೋಗಿ ಬೇರೆಯೇ ಕಥೆ ಹೇಳುತ್ತಾರೆ.

ಇನ್ನು "ಮುಟ್ಟಬೇಡಿ". ದಿನಕ್ಕೆ ನೂರು ಸಲ ಹೇಳಬೇಕು, ಹೇಳಿ ಹೇಳಿ ನಮಗೇ ಬೇಜಾರು. ಕಾರಣ ಹೇಳಿದರೆ ಕೆಲಸ ಅರ್ಧ ಹಗುರ. ಹಿಂದಿನ ಕಾಲದಲ್ಲಿ ಚರ್ಮಕ್ಕೆ ಹುಳ ಬೀಳದಿರಲಿ ಅಂತ ಆರ್ಸೆನಿಕ್ ಸೋಪ್ ಹಚ್ಚುತ್ತಿದ್ದರು, ಅದು ವಿಷ, ಹಳೆ ಮಾದರಿಗಳಲ್ಲಿ ಈಗಲೂ ಇರಬಹುದು. ಇನ್ನೊಂದು, ಹೋದದ್ದು ಮತ್ತೆ ಬರುವುದಿಲ್ಲ. 2016ರ ಏಪ್ರಿಲ್‌ನಲ್ಲಿ ದೆಹಲಿಯ ಮ್ಯೂಸಿಯಂಗೆ ಬೆಂಕಿ ಬಿದ್ದು ಸಂಗ್ರಹ ಸುಟ್ಟುಹೋಯಿತು. ಇದನ್ನು ಹೇಳಿದ ಮೇಲೆ ಒಬ್ಬ ಹುಡುಗ ಪಕ್ಕದವನ ಕೈ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ. ಯಾವ ಬೋರ್ಡೂ ಮಾಡದ ಕೆಲಸ ಅದು.

ಆದರೂ ಗ್ಯಾಲರಿಯಲ್ಲಿ ಒಂದು ಕೊರತೆ ಇದೆ. ಮಾತಾಡುವವರು ನೀವು, ಕೇಳುವವರು ಅವರು. ಸಂಜೆಗೆ ದನಿ ಒಡೆದಿರುತ್ತದೆ, ಯಾರಿಗೆ ಏನು ಅರ್ಥವಾಯಿತು ಅಂತ ಗೊತ್ತಾಗುವುದೂ ಇಲ್ಲ.

ಮುಟ್ಟಿ ನೋಡುವ ಮೇಜಿನಲ್ಲಿ ಇದು ಉಲ್ಟಾ. ಒಂದು ಆಡಿನ ತಲೆಬುರುಡೆ, ಒಂದು ನಾಯಿಯದು, ಅಷ್ಟು ಸಾಕು. ಆಡಿನದು ಮಟನ್ ಅಂಗಡಿಯಿಂದಲೇ ತಂದು ಬೇಯಿಸಿ ಚೊಕ್ಕ ಮಾಡಿದ್ದು. ಮಗುವಿನ ಕೈಗೆ ಕೊಟ್ಟು, ಮೇಲಿನ ದವಡೆಯ ಮುಂಭಾಗದಲ್ಲಿ ಬೆರಳಾಡಿಸು ಅನ್ನಿ. ಹಲ್ಲೇ ಇಲ್ಲ! "ಬಿದ್ದೋಗಿದೆ ಅಕ್ಕಾ" ಅಂತಾರೆ. ಬಿದ್ದಿದ್ದರೆ ಗುಂಡಿ ಇರಬೇಕಲ್ವಾ, ಹುಡುಕು ಅಂತೀನಿ. ಹುಡುಕುತ್ತಾರೆ, ಗುಂಡಿ ಸಿಗುವುದಿಲ್ಲ. ಆಡು, ಕುರಿ, ಹಸು ಯಾವುದಕ್ಕೂ ಮೇಲೆ ಮುಂದಿನ ಹಲ್ಲು ಹುಟ್ಟುವುದೇ ಇಲ್ಲ, ಅಲ್ಲಿ ಗಟ್ಟಿ ವಸಡು ಇರುತ್ತದೆ, ಕೆಳಗಿನ ಹಲ್ಲಿಗೂ ಅದಕ್ಕೂ ನಡುವೆ ಹುಲ್ಲು ಹಿಡಿದು ಕೀಳುತ್ತವೆ. ಮನೆಯಲ್ಲಿ ದನ ಇರುವ ಹಳ್ಳಿ ಮಕ್ಕಳಿಗೂ ಇದು ಹೊಸದು, ಯಾಕಂದ್ರೆ ಹಸುವಿನ ಬಾಯೊಳಗೆ ಯಾರು ಇಣುಕಿ ನೋಡ್ತಾರೆ ಹೇಳಿ.

ಆಮೇಲೆ ಕಣ್ಣಿನ ಗೂಡು. ಆಡಿನದು ಪಕ್ಕಕ್ಕೆ, ನಾಯಿಯದು ಮುಂದಕ್ಕೆ. ಓಡಿ ತಪ್ಪಿಸಿಕೊಳ್ಳುವ ಪ್ರಾಣಿಗೆ ಸುತ್ತಲೂ ಕಾಣಬೇಕು, ಹಿಡಿಯುವ ಪ್ರಾಣಿಗೆ ಎದುರಿನದು ಎಷ್ಟು ದೂರ ಅಂತ ಗೊತ್ತಾಗಬೇಕು. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಹುಡುಗಿಯೊಬ್ಬಳು ತನ್ನ ಮುಖ ಮುಟ್ಟಿಕೊಂಡು, "ನಮ್ ಕಣ್ಣೂ ಮುಂದೇನೇ ಇದೆ, ಮಂಗನಿಗೂ ಮುಂದೇನೇ ಇದೆ, ಮಂಗ ಯಾರನ್ನ ಹಿಡಿಯತ್ತೆ?" ಅಂದಳು. ಮೇಜಿನ ಸುತ್ತ ಇದ್ದವರೆಲ್ಲ ಅವಳ ಕಡೆ ತಿರುಗಿದರು. ಕೊಂಬೆ! ಹಾರಿ ಹಿಡಿಯಬೇಕಲ್ಲ, ದೂರ ತಪ್ಪಿದರೆ ಕೆಳಗೆ. ಉತ್ತರ ನಾನು ಹೇಳಲಿಲ್ಲ, ಅವರಲ್ಲೇ ಒಬ್ಬ ಹೇಳಿದ. ಇಂಥ ಎರಡನೇ ಪ್ರಶ್ನೆ ಎಲ್ಲಿ ಹುಟ್ಟುತ್ತದೋ ಅಲ್ಲಿ ಇಂಟರ್ನ್ ಕಲಿಯುತ್ತಾಳೆ. ನನ್ನ ಅಳತೆ ಇದೊಂದೇ.

ಆದರೆ ಮೇಜಿನ ಕೆಲಸ ಅಂದ್ರೆ ಮೇಜಿನ ಹತ್ತಿರ ನಿಂತಷ್ಟು ಹೊತ್ತಿನದಲ್ಲ. ಅರಳಿ ಎಲೆಯ ನರ ಮಾತ್ರ ಉಳಿಸುವ ಚಟುವಟಿಕೆ ಮಾಡಿಸಬೇಕು ಅಂದರೆ ಎಲೆಗಳನ್ನು ವಾರಗಟ್ಟಲೆ ಮೊದಲೇ ನೀರಲ್ಲಿ ನೆನೆಹಾಕಿರಬೇಕು, ಆ ಬಕೆಟ್ಟಿನ ವಾಸನೆ ಬೇರೆ. ಹೆಜ್ಜೆ ಗುರುತಿನ ಅಚ್ಚು ಮಾಡಿಸುವ ದಿನವಂತೂ ಬಟ್ಟೆ ಎಲ್ಲ ಬಿಳಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ದೋಸೆ ಹಿಟ್ಟಿನ ಹದಕ್ಕೆ ಇರಬೇಕು, ತೆಳು ಮಾಡಿದರೆ ಒಡೆಯುತ್ತದೆ, ಗಟ್ಟಿ ಮಾಡಿದರೆ ಬೆರಳಿನ ಗುರುತಿಗೆ ಇಳಿಯುವುದೇ ಇಲ್ಲ. ಗುಂಪು ದೊಡ್ಡದಾದರೂ ಮೇಜು ಕೆಟ್ಟಿತು. ಹತ್ತು ಹನ್ನೆರಡು ಮಕ್ಕಳಿಗಿಂತ ಜಾಸ್ತಿ ನಿಂತರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ.

ಕೆರೆಯದು ಬೇಗ ಹೇಳಿ ಮುಗಿಸುತ್ತೇನೆ, ಯಾಕಂದ್ರೆ ಅಲ್ಲಿ ನಿಮಗಿಂತ ಹಕ್ಕಿಗಳೇ ಚೆನ್ನಾಗಿ ಕೆಲಸ ಮಾಡುತ್ತವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ಬಿಸಿಲಿಗೆ ರೆಕ್ಕೆ ಹರಡಿ ಕೂತ ನೀರುಕಾಗೆ. ನೀರಿನ ಹಕ್ಕಿಗೆ ಒದ್ದೆಯಾದರೆ ಏನು ಕಷ್ಟ ಅಂತ ಕೇಳಿಬಿಡಿ, ಮಕ್ಕಳು ದಾರಿಯುದ್ದಕ್ಕೂ ವಾದ ಮಾಡುತ್ತಾರೆ. ಅದರ ಗರಿ ಬಾತುಕೋಳಿಯ ಗರಿಯಷ್ಟು ನೀರು ತಡೆಯುವುದಿಲ್ಲ, ಒದ್ದೆಯಾಗಿ ಭಾರ ಆದರೆ ಮುಳುಗಿ ಮೀನು ಹಿಡಿಯೋದು ಸುಲಭ, ಆಮೇಲೆ ಒಣಗಿಸಿಕೊಳ್ಳಬೇಕು. ಅಷ್ಟೇ. ಉಳಿದ ಹೊತ್ತು ನಿಮ್ಮ ಕೆಲಸ ತಲೆ ಎಣಿಸುವುದು, ನೀರಿನ ಅಂಚಿಗೆ ಹೋಗದಂತೆ ಕಾಯುವುದು, ಬೈನಾಕ್ಯುಲರ್‌ಗೆ ಜಗಳ ಬಿಡಿಸುವುದು. ಏಳು ವರ್ಷದ ಒಳಗಿನವರಿಗೆ ಬೈನಾಕ್ಯುಲರ್ ಕೊಡಲೇಬೇಡಿ, ಉಲ್ಟಾ ಹಿಡಿದು ಒಬ್ಬರ ಮೂಗು ಒಬ್ಬರು ನೋಡಿಕೊಂಡು ನಗುತ್ತಾರೆ. ಒಂಬತ್ತೂವರೆ ದಾಟಿದರೆ ಬಿಸಿಲು, ಟೋಪಿ ಮರೆತವರು, ನೀರಿನ ಬಾಟಲಿ ಖಾಲಿಯಾದವರು. ಖುಷಿ ಇದೆ, ಸುಳ್ಳಲ್ಲ. ಆದರೆ ಹಕ್ಕಿ ಹಾರಿಹೋದರೆ ಪಾಠವೂ ಹಾರಿಹೋಯಿತು, ತಿರುಗಿಸಿ ತೋರಿಸೋಕೆ ಆಗಲ್ಲ. ಬುರುಡೆಯಾದರೆ ಎಲ್ಲೂ ಹೋಗುವುದಿಲ್ಲ.

ದುಡ್ಡಿನ ಮಾತು. ಇಂಥ ಇಂಟರ್ನ್‌ಶಿಪ್‌ಗಳಲ್ಲಿ ಬಹಳ ಕಡೆ ಸ್ಟೈಪೆಂಡ್ ಇರುವುದಿಲ್ಲ, ಸಿಕ್ಕರೂ ಬಸ್ ಚಾರ್ಜು, ಊಟಕ್ಕೆ ಸರಿಹೋದೀತು. ಅದಕ್ಕೇ ಯಾವ ಡ್ಯೂಟಿ ಅನ್ನುವುದನ್ನು ಸೇರುವ ಮೊದಲೇ ಕೇಳಿಕೊಳ್ಳಿ, ನಾಚಿಕೆ ಬೇಡ. ಬಿಎಡ್ ಮಾಡುವವರಿಗೆ, ಝೂವಾಲಜಿ ಓದಿ ಮುಂದೇನು ಅಂತ ಯೋಚಿಸುತ್ತಿರುವವರಿಗೆ ಮೇಜೇ ಸರಿ. ಹಕ್ಕಿ ಹುಚ್ಚು ಇರುವವರು ಕೆರೆಗೆ ಹೋಗಲಿ, ಆದರೆ ಮಕ್ಕಳ ಜೊತೆ ಹೋದಾಗ ನೀವು ಹಕ್ಕಿ ನೋಡೋಕೆ ಆಗಲ್ಲ ಅನ್ನುವುದು ನೆನಪಿರಲಿ. ಗುಂಪಿನ ಮುಂದೆ ಮಾತಾಡುವ ಭಯ ಬಿಡಿಸಿಕೊಳ್ಳಬೇಕಾದವರಿಗೆ ಗ್ಯಾಲರಿ, ಒಂದು ವಾರ ಸಾಕು, ಜೊತೆಗೆ ಜೇಬಲ್ಲಿ ಜ್ಯೇಷ್ಠಮಧು.

ವಯಸ್ಸೂ ಕೇಳಿಕೊಳ್ಳಿ. ಒಂಬತ್ತರಿಂದ ಹನ್ನೆರಡರ ಬ್ಯಾಚು ಸಿಕ್ಕರೆ ಬಿಡಬೇಡಿ, ಪ್ರಶ್ನೆ ಕೇಳುವುದಕ್ಕೆ ಇನ್ನೂ ಸಂಕೋಚ ಬಂದಿರುವುದಿಲ್ಲ, ಬುರುಡೆ ಕೆಳಗೆ ಬೀಳಿಸದಷ್ಟು ಬುದ್ಧಿ ಬಂದಿರುತ್ತದೆ. ಮೇಜು ಸಿಕ್ಕಿದರೆ ಇನ್ನೊಂದು ವಿಷಯ: ಉಳಿದ ಪ್ಲಾಸ್ಟರನ್ನು ಸಿಂಕಿಗೆ ಸುರಿಯೋಕೆ ಯಾರನ್ನೂ ಬಿಡಬೇಡಿ, ಪೈಪಿನೊಳಗೆ ಕಲ್ಲಾಗಿ ಕೂರುತ್ತದೆ, ಆಮೇಲೆ ಪ್ಲಂಬರ್ ಬರುವ ತನಕ ಮಕ್ಕಳ ಕೈ ತೊಳೆಸೋಕೆ ಹೊರಗಿನ ನಲ್ಲಿಯ ಹತ್ತಿರ ಸಾಲು ನಿಲ್ಲಿಸಬೇಕು.